ಹಾಡು ಜೋರು, ಮಾತು ಮಾಯ: ಕೋಡಿಯಲ್ಲಿ ಸ್ಟೀರಿಯೊ ಮತ್ತು 5.1 ಸೌಂಡ್ ಹೊಂದಿಸುವ ಕ್ರಮ

ತುಮಕೂರಿನಲ್ಲಿ ಪರಿಚಯದವರ ಮನೆಗೆ ಹೋದರೆ ಕಾಫಿ ಬರುವ ಮೊದಲೇ ರಿಮೋಟ್ ನನ್ನ ಕೈಗೆ ಬರುತ್ತದೆ. ದೂರು ಒಂದೇ. "ಹಾಡು ಬಂದ್ರೆ ಕಿಟಕಿ ಅದುರುತ್ತೆ, ಮಾತು ಮಾತ್ರ ಕೇಳಲ್ಲ." ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ನೋಡಿದವರಿಗೆ ಈ ಕಷ್ಟ ಗೊತ್ತು. ಹಾರ್ಮೋನಿಯಂ ಮೇಷ್ಟ್ರು ಮೈಕಿನ ಪಕ್ಕದಲ್ಲೇ ಕೂತಿರುತ್ತಾರೆ. ದುರ್ಯೋಧನ ಎಷ್ಟು ಕೂಗಿದರೂ ಹಿಂದಿನ ಸಾಲಿನವರಿಗೆ ಬರೀ ಮೀಸೆ ಕಾಣುತ್ತದೆ.

ಹೆಚ್ಚಿನ ಮನೆಗಳಲ್ಲಿ ಸ್ಪೀಕರ್ ಕೆಟ್ಟಿರುವುದಿಲ್ಲ, ಫೈಲೂ ಕೆಟ್ಟಿರುವುದಿಲ್ಲ. ಎರಡು ಸ್ಪೀಕರ್ ಇರುವ ಮನೆಯಲ್ಲಿ ಕೋಡಿಗೆ (ಟಿವಿ, ಕಂಪ್ಯೂಟರಿನಲ್ಲಿ ಸಿನಿಮಾ, ಹಾಡು ನುಡಿಸುವ ಆ್ಯಪ್) "ಆರು ಇವೆ" ಎಂದು ಹೇಳಿಬಿಟ್ಟಿರುತ್ತಾರೆ. 5.1 ಎಂದರೆ ಆರು ಚಾನೆಲ್: ಮುಂದೆ ಎಡ, ಬಲ, ನಡುವೆ ಒಂದು, ಹಿಂದೆ ಎರಡು, ಜೊತೆಗೆ ಸಬ್‌ವೂಫರ್‌ಗೆ ಒಂದು. ಸಿನಿಮಾದ ಮಾತು ಬಹುಪಾಲು ನಡುವಿನ ಚಾನೆಲ್‌ನಲ್ಲಿ ಇರುತ್ತದೆ. ಕೋಡಿ ಆರನ್ನೂ ಕಳಿಸುತ್ತದೆ. ಟಿವಿ ಎಡ, ಬಲ ಎರಡನ್ನು ನುಡಿಸಿ ಉಳಿದ ನಾಲ್ಕನ್ನು ಬಿಟ್ಟುಬಿಡುತ್ತದೆ. ಮಾತು ಹೋಗುವುದು ಅಲ್ಲೇ.

ಹಾಗಾಗಿ ಫೈಲ್ ಹೆಸರಿನಲ್ಲಿ 5.1 ಎಂದಿದೆ ಅಂತ ಸೆಟ್ಟಿಂಗ್‌ನಲ್ಲೂ 5.1 ಹಾಕಬೇಡಿ. ಕೇಬಲ್‌ನ ಆ ತುದಿಯಲ್ಲಿ ಏನಿದೆಯೋ ಅದನ್ನು ಹಾಕಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯದಿಂದ ಶುರು ಮಾಡಿದವರೇ ನನ್ನನ್ನು ವಾಪಸ್ ಕರೆಯುವುದು.

ಮೆನುವಿನ ಹೆಸರುಗಳನ್ನು ಇಂಗ್ಲಿಷ್ ಮೆನುವಿನಲ್ಲಿ ಇರುವ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನಿಮ್ಮ ಆವೃತ್ತಿಯಲ್ಲಿ ಒಂದೆರಡು ಪದ ಆಚೆ ಈಚೆ ಇರಬಹುದು.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಒಂದು ಹಾಳೆ, ಪೆನ್ನು, ಟಾರ್ಚ್. ಟಾರ್ಚ್ ಯಾಕೆಂದರೆ ಟಿವಿ ಹಿಂದೆ ಯಾವ ವೈರ್ ಯಾವ ತೂತಿಗೆ ಹೋಗಿದೆ ಎಂದು ಊಹಿಸಬಾರದು, ನೋಡಬೇಕು. ಸಾಧ್ಯವಾದರೆ ಒಂದು ಯುಎಸ್‌ಬಿ ಕೀಬೋರ್ಡ್. ಪರೀಕ್ಷೆಗೆ ಎರಡು ಫೈಲ್ ಬೇಕು: ಸ್ಟೀರಿಯೊ ಇರುವ ಒಂದು ಹಾಡು, 5.1 ಇರುವ ಒಂದು ಸಿನಿಮಾ. ಸಿನಿಮಾದಲ್ಲಿ ಇಬ್ಬರು ಕೂತು ಮಾತಾಡುವ ದೃಶ್ಯ ಹುಡುಕಿಡಿ. ಫೈಟ್ ಸೀನ್ ಹಾಕಿ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ, ಎಲ್ಲ ಸೆಟ್ಟಿಂಗ್‌ನಲ್ಲೂ ಗುಂಡಿನ ಸದ್ದು ಚೆನ್ನಾಗಿಯೇ ಇರುತ್ತದೆ.

ವೈರ್ ಮುಟ್ಟುವ ಮೊದಲು ಆಂಪ್ಲಿಫೈಯರ್‌ನ ಪ್ಲಗ್ ತೆಗೆಯಿರಿ. ಪ್ರತಿ ಬದಲಾವಣೆಗೂ ಮೊದಲು ವಾಲ್ಯೂಮ್ ಕಡಿಮೆ ಮಾಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ತಪ್ಪು ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಸಿಗ್ನಲ್ ನೇರವಾಗಿ "ಗರ್ರ್" ಎಂದು ಪೂರ್ತಿ ಜೋರಿನಲ್ಲಿ ಬಂದುಬಿಡಬಹುದು. ಸಣ್ಣ ಟ್ವೀಟರ್‌ಗಳು ಸುಡಲು ಅಷ್ಟು ಸಾಕು.

## ಹಂತ 1: ನಿಮ್ಮ ಮನೆ ಯಾವ ಗುಂಪಿನದು ಎಂದು ಬರೆಯಿರಿ

ಟಾರ್ಚ್ ಹಿಡಿದು ಸ್ಪೀಕರ್ ಸೆಟ್‌ನ ಬೆನ್ನು ನೋಡಿ.

ಗುಂಪು ಕ. ಟಿವಿಯ ಸ್ಪೀಕರ್, ಬ್ಲೂಟೂತ್ ಸ್ಪೀಕರ್, ಆಕ್ಸ್ ಕೇಬಲ್‌ನಲ್ಲಿ ಹಾಕಿದ ಯಾವುದೇ ಸೆಟ್. ಎಷ್ಟು ಪೆಟ್ಟಿಗೆಗಳಿದ್ದರೂ ಇದು ಸ್ಟೀರಿಯೊ.

ಗುಂಪು ಖ. ಎಚ್‌ಡಿಎಂಐ ತೂತುಗಳಿರುವ ಎವಿ ರಿಸೀವರ್ ಅಥವಾ ಸೌಂಡ್‌ಬಾರ್. ಮೈಮೇಲೆ ಡಾಲ್ಬಿ ಡಿಜಿಟಲ್, ಡಿಟಿಎಸ್ ಗುರುತು ಇರುತ್ತದೆ. ಇದರೊಳಗೇ ಡಿಕೋಡರ್, ಅಂದರೆ ಒತ್ತಿ ಕಟ್ಟಿದ ಸೌಂಡನ್ನು ಚಾನೆಲ್‌ಗಳಾಗಿ ಬಿಚ್ಚುವ ಭಾಗ, ಇದೆ.

ಗುಂಪು ಗ. ನಮ್ಮ ಕಡೆ ಜಾಸ್ತಿ ಇರುವುದು ಇದೇ. "5.1 ಹೋಮ್ ಥಿಯೇಟರ್" ಎಂದು ಬರೆದಿರುತ್ತದೆ, ಹಿಂದೆ ಆರು ಆರ್‌ಸಿಎ ಪಿನ್‌ಗಳ ತೂತು, ಒಂದು ಆಕ್ಸ್, ಬ್ಲೂಟೂತ್, ಪೆನ್‌ಡ್ರೈವ್ ಜಾಗ. ಎಚ್‌ಡಿಎಂಐ ಇಲ್ಲ, ಆಪ್ಟಿಕಲ್ ಇಲ್ಲ. ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ ಆಂಪ್ಲಿಫೈಯರ್ ಕೂಡ ಸಾಮಾನ್ಯವಾಗಿ ಹೀಗೇ. ಇದರಲ್ಲಿ ಡಿಕೋಡರ್ ಇರುವುದಿಲ್ಲ. ಆರು ಬೇರೆ ಬೇರೆ ಸಿಗ್ನಲ್ ಕೊಟ್ಟರೆ ಆರು ಕಡೆ ನುಡಿಸುತ್ತದೆ, ಅಷ್ಟೇ.

ತಿಪಟೂರಿನಲ್ಲಿ ನಮ್ಮ ಭಾವ ಈ ಮೂರನೇ ಗುಂಪಿನ ಸೆಟ್ ತಂದು, ಟಿವಿಯ ಹೆಡ್‌ಫೋನ್ ತೂತಿನಿಂದ ಒಂದು ವೈರ್ ಎಳೆದು, ಅದನ್ನು ಕವಲು ಮಾಡಿ ಆರೂ ಪಿನ್‌ಗೆ ಚುಚ್ಚಿದ್ದರು. ಐದೂ ಪೆಟ್ಟಿಗೆಯಿಂದ ಒಂದೇ ಹಾಡು. "ನೋಡಪ್ಪ, ಸರೌಂಡು" ಅಂದರು. ಎರಡು ವರ್ಷ ಹಾಗೇ ಕೇಳಿದರು. ಅದು ಸರೌಂಡ್ ಅಲ್ಲ, ಸುತ್ತಲೂ ಸ್ಟೀರಿಯೊ. ಅವರ ಕಥೆಗೆ ಹಂತ 6ರಲ್ಲಿ ಬರುತ್ತೇನೆ.

ಇನ್ನೊಂದು ಸಾಲು ಬರೆಯಿರಿ: ಕೋಡಿ ಇರುವ ಬಾಕ್ಸ್‌ನಿಂದ ಸ್ಪೀಕರ್‌ಗೆ ಸೌಂಡ್ ಯಾವ ದಾರಿಯಲ್ಲಿ ಹೋಗುತ್ತಿದೆ? ದಾರಿಯ ಅಗಲ ಇಷ್ಟು:

- ಆಪ್ಟಿಕಲ್ ಕೇಬಲ್: ಸ್ಟೀರಿಯೊ ಪಿಸಿಎಂ (ಪಿಸಿಎಂ ಎಂದರೆ ಬಿಚ್ಚಿದ ಸೌಂಡ್), ಇಲ್ಲವೇ ಒತ್ತಿ ಕಟ್ಟಿದ ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್. ಬಿಚ್ಚಿದ 5.1 ಇದರಲ್ಲಿ ಹಿಡಿಸುವುದಿಲ್ಲ.
- ಟಿವಿಯ ಎಆರ್‌ಸಿ ಪೋರ್ಟ್ (ಟಿವಿಯಿಂದ ಸೌಂಡನ್ನು ಸ್ಪೀಕರ್ ಸೆಟ್‌ಗೆ ಕಳಿಸುವ ಎಚ್‌ಡಿಎಂಐ ತೂತು): ಮೇಲಿನದರ ಜೊತೆ ಹೆಚ್ಚಿನ ಟಿವಿಗಳಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್. ಆದರೆ ಡಿಟಿಎಸ್ ಅನ್ನು ಆಚೆ ದಾಟಿಸದ ಟಿವಿಗಳು ಬೇಕಾದಷ್ಟಿವೆ.
- ಬಾಕ್ಸ್‌ನಿಂದ ರಿಸೀವರ್‌ಗೆ ನೇರ ಎಚ್‌ಡಿಎಂಐ, ಅಥವಾ ಎರಡೂ ಕಡೆ ಇಎಆರ್‌ಸಿ (ಎಆರ್‌ಸಿಯ ಹೊಸ, ಅಗಲವಾದ ರೂಪ): ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ, ಎಂಟು ಚಾನೆಲ್ ಪಿಸಿಎಂ, ಎಲ್ಲ.

## ಹಂತ 2: ಕೋಡಿ ಮುಟ್ಟುವ ಮೊದಲು ಟಿವಿ ಮತ್ತು ಬಾಕ್ಸ್

ಟಿವಿಯ ಸೌಂಡ್ ಮೆನುವಿನಲ್ಲಿ "ಡಿಜಿಟಲ್ ಔಟ್‌ಪುಟ್" ಎಂಬ ಅರ್ಥದ ಸಾಲು ಹುಡುಕಿ. ಗುಂಪು ಕ ಆದರೆ ಪಿಸಿಎಂ. ಎಆರ್‌ಸಿ ಅಥವಾ ಆಪ್ಟಿಕಲ್‌ನಲ್ಲಿ ಸರೌಂಡ್ ಬೇಕಾದರೆ ಪಾಸ್‌ಥ್ರೂ (ಕಟ್ಟಿದ ಸೌಂಡನ್ನು ಬಿಚ್ಚದೆ ದಾಟಿಸುವುದು), ಆಟೋ ಅಥವಾ ಬಿಟ್‌ಸ್ಟ್ರೀಮ್, ನಿಮ್ಮ ಟಿವಿ ಯಾವ ಹೆಸರು ಕೊಟ್ಟಿದೆಯೋ ಅದು. ಇಲ್ಲಿ ಪಿಸಿಎಂ ಉಳಿದಿದ್ದರೆ ಕೋಡಿಯಲ್ಲಿ ಏನು ಮಾಡಿದರೂ ಆಚೆ ಬರುವುದು ಸ್ಟೀರಿಯೊ. ಎಆರ್‌ಸಿಗೆ ಟಿವಿಯಲ್ಲಿ ಸಿಇಸಿ (ಎಚ್‌ಡಿಎಂಐನಲ್ಲಿ ಕೂಡಿದ ಉಪಕರಣಗಳು ಒಂದಕ್ಕೊಂದು ಆಜ್ಞೆ ಕಳಿಸುವ ಸೌಲಭ್ಯ) ಆನ್ ಇರಬೇಕು. ಕೇಬಲ್ ಕೂಡ ಎಆರ್‌ಸಿ ಎಂದು ಬರೆದ ತೂತಿಗೇ ಹೋಗಿರಬೇಕು.

ಆಂಡ್ರಾಯ್ಡ್ ಬಾಕ್ಸ್ ಅಥವಾ ಸ್ಟಿಕ್ ಆಗಿದ್ದರೆ ಅದರ ಸಿಸ್ಟಮ್ ಸೆಟ್ಟಿಂಗ್‌ನಲ್ಲೂ ಸರೌಂಡ್ ಸೌಂಡ್ ಎಂಬ ಸಾಲು ಇರುತ್ತದೆ. ಅದನ್ನೂ ಇದಕ್ಕೆ ತಕ್ಕಂತೆ ಇಡಿ. ವಿಂಡೋಸ್ ಕಂಪ್ಯೂಟರ್ ಆದರೆ ಸೌಂಡ್ ಡಿವೈಸ್‌ನ ಪ್ರಾಪರ್ಟೀಸ್, ಅಡ್ವಾನ್ಸ್ಡ್‌ನಲ್ಲಿ ಎಕ್ಸ್‌ಕ್ಲೂಸಿವ್ ಮೋಡ್‌ನ ಎರಡೂ ಚೌಕಕ್ಕೆ ಟಿಕ್ ಇರಲಿ.

## ಹಂತ 3: ಕೋಡಿಯ ಆಡಿಯೊ ಪುಟ ತೆರೆದು, ಹಳೆಯದೆಲ್ಲ ಅಳಿಸಿ

ಸೆಟ್ಟಿಂಗ್ಸ್, ಸಿಸ್ಟಮ್, ಆಡಿಯೊ. ಎಡಗಡೆ ಕೆಳಗೆ ಹಲ್ಲಿನ ಚಕ್ರದ ಚಿತ್ರ ಇದೆಯಲ್ಲ, ಅದನ್ನು ಒತ್ತುತ್ತಾ ಹೋದರೆ ಬೇಸಿಕ್, ಸ್ಟ್ಯಾಂಡರ್ಡ್, ಅಡ್ವಾನ್ಸ್ಡ್, ಎಕ್ಸ್‌ಪರ್ಟ್ ಎಂದು ಬದಲಾಗುತ್ತದೆ. ಎಕ್ಸ್‌ಪರ್ಟ್ ಬರುವವರೆಗೆ ಒತ್ತಿ. "ನೀವು ಹೇಳಿದ ಸಾಲು ನಮ್ಮಲ್ಲಿ ಇಲ್ವಲ್ಲ" ಎನ್ನುವವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿ.

ಪುಟದ ಕೊನೆಯಲ್ಲಿ "ರೀಸೆಟ್ ಅಬೌವ್ ಸೆಟ್ಟಿಂಗ್ಸ್ ಟು ಡೀಫಾಲ್ಟ್" ಇದೆ. ಒತ್ತಿ. ಹಿಂದೆ ಯಾರ್ಯಾರೋ ಕೈಯಾಡಿಸಿದ್ದು ಹೋಗಲಿ.

## ಹಂತ 4: ಎಲ್ಲರೂ ಮೊದಲು ಸ್ಟೀರಿಯೊ ಸರಿ ಮಾಡಿ

ಹತ್ತು ಸ್ಪೀಕರ್ ಇದ್ದವರೂ ಇಲ್ಲಿಂದಲೇ ಶುರು ಮಾಡಿ. ಸ್ಟೀರಿಯೊ ಬಾರದ ದಾರಿಯಲ್ಲಿ ಸರೌಂಡ್ ಬರುವುದಿಲ್ಲ.

"ಆಡಿಯೊ ಔಟ್‌ಪುಟ್ ಡಿವೈಸ್" ನಲ್ಲಿ ಸರಿಯಾದ ದಾರಿ ಆರಿಸಿ. ಕಂಪ್ಯೂಟರಿನಲ್ಲಿ ಪಟ್ಟಿ ಉದ್ದ ಇರುತ್ತದೆ. ವಿಂಡೋಸ್‌ನಲ್ಲಿ ಒಂದೇ ತೂತಿಗೆ ಡೈರೆಕ್ಟ್‌ಸೌಂಡ್ ಎಂದು ಒಂದು, ವಾಸಾಪಿ ಎಂದು ಇನ್ನೊಂದು ಹೆಸರು ಕಾಣುತ್ತದೆ. ಸ್ಟೀರಿಯೊಗೆ ಯಾವುದಾದರೂ ನಡೆಯುತ್ತದೆ. ಮುಂದೆ ಸರೌಂಡ್ ಬೇಕಾದರೆ ವಾಸಾಪಿ ತೆಗೆದುಕೊಳ್ಳಿ. ಅದು ನಡೆಯುವಾಗ ಬ್ರೌಸರ್‌ನ ಸದ್ದು ನಿಲ್ಲಬಹುದು, ಗಾಬರಿ ಬೇಡ.

"ನಂಬರ್ ಆಫ್ ಚಾನೆಲ್ಸ್" 2.0 ಇಡಿ. "ಔಟ್‌ಪುಟ್ ಕಾನ್ಫಿಗರೇಶನ್" ಬೆಸ್ಟ್ ಮ್ಯಾಚ್ ಇರಲಿ. "ಅಲೋ ಪಾಸ್‌ಥ್ರೂ" ಆಫ್.

2.1 ಸ್ಪೀಕರ್ ಇರುವವರು ಇಲ್ಲಿ 2.1 ಹಾಕಲು ಹೋಗುತ್ತಾರೆ. ಬೇಡ. ಆ ಸಬ್‌ವೂಫರ್ ತನಗೆ ಬೇಕಾದ ಬಾಸ್ ಅನ್ನು ಸ್ಟೀರಿಯೊ ವೈರ್‌ನಿಂದ ತಾನೇ ಬಸಿದುಕೊಳ್ಳುತ್ತದೆ. ಒಂದೇ ಆಕ್ಸ್ ವೈರ್ ಇದ್ದರೆ ಉತ್ತರ ಯಾವಾಗಲೂ 2.0.

ಈಗ 5.1 ಸಿನಿಮಾದ ಮಾತಿನ ದೃಶ್ಯ ಹಾಕಿ. ಕೋಡಿ ಆರು ಚಾನೆಲ್ ಅನ್ನು ಎರಡಕ್ಕೆ ಮಡಚುತ್ತದೆ, ನಡುವಿನ ಮಾತು ಎಡ ಬಲ ಎರಡಕ್ಕೂ ಹಂಚಿ ಬರುತ್ತದೆ. ಮಾತು ಬಂತು, ಆದರೆ ಇನ್ನೂ ಮೆಲ್ಲಗಿದೆ ಅನಿಸಿದರೆ "ಮೇಂಟೇನ್ ಒರಿಜಿನಲ್ ವಾಲ್ಯೂಮ್ ಆನ್ ಡೌನ್‌ಮಿಕ್ಸ್" ಆನ್ ಮಾಡಿ. ಜೋರು ಮತ್ತು ಮೆಲುದನಿಯ ಅಂತರ ಸ್ವಲ್ಪ ಕುಗ್ಗುತ್ತದೆ, ಬದಲಿಗೆ ಮಾತು ಮೇಲೆ ಬರುತ್ತದೆ. ಟಿವಿ ಸ್ಪೀಕರ್‌ನಲ್ಲಿ ನೋಡುವ ಮನೆಗಳಿಗೆ ನಾನು ಇದನ್ನು ಯೋಚಿಸದೆ ಆನ್ ಮಾಡಿಬಿಡುತ್ತೇನೆ.

ಇದೂ ಸಾಲದಿದ್ದರೆ ಸಿನಿಮಾ ಓಡುತ್ತಿರುವಾಗಲೇ ಆಡಿಯೊ ಸೆಟ್ಟಿಂಗ್ಸ್ ತೆರೆಯಿರಿ. "ಸೆಂಟರ್ ಮಿಕ್ಸ್ ಲೆವೆಲ್" ಅನ್ನು ಎರಡು ಮೂರು ಡೆಸಿಬೆಲ್ ಏರಿಸಿ. ಇದು ಆ ಒಂದು ಫೈಲ್‌ಗೆ ಮಾತ್ರ ನೆನಪಿರುತ್ತದೆ. ಎಲ್ಲದಕ್ಕೂ ಬೇಕಾದರೆ ಅದೇ ಜಾಗದಲ್ಲಿ "ಸೆಟ್ ಆ್ಯಸ್ ಡೀಫಾಲ್ಟ್ ಫಾರ್ ಆಲ್ ಮೀಡಿಯಾ" ಒತ್ತಿ.

ಗುಂಪು ಕ ಮನೆಗಳ ಕೆಲಸ ಇಲ್ಲಿಗೆ ಮುಗಿಯಿತು. ನೇರವಾಗಿ ಹಂತ 8ಕ್ಕೆ ಹೋಗಿ. ಪಾಸ್‌ಥ್ರೂ ಕಡೆ ತಲೆ ಹಾಕಬೇಡಿ.

## ಹಂತ 5: ಎಚ್‌ಡಿಎಂಐ ರಿಸೀವರ್ ಇರುವವರಿಗೆ

ಇಲ್ಲಿ ಎರಡು ದಾರಿ ಇವೆ. ಎರಡನ್ನೂ ಒಟ್ಟಿಗೆ ಹಿಡಿಯಲು ಹೋದರೆ ಕೆಡುತ್ತದೆ. ಸೌಂಡ್ ಒಂದು ಬುತ್ತಿ ಎಂದುಕೊಳ್ಳಿ. ಅದನ್ನು ಯಾರಾದರೂ ಒಬ್ಬರು ಬಿಚ್ಚಬೇಕು.

ಕೋಡಿ ಬಿಚ್ಚುವುದು. ನಂಬರ್ ಆಫ್ ಚಾನೆಲ್ಸ್ 5.1, ಪಾಸ್‌ಥ್ರೂ ಆಫ್. ನಿಮ್ಮಲ್ಲಿ ನಿಜವಾಗಿ ಎಂಟು ಸ್ಪೀಕರ್ ಇದ್ದರೆ ಮಾತ್ರ 7.1. ರಿಸೀವರ್ ಪರದೆಯಲ್ಲಿ ಮಲ್ಟಿ ಚಾನೆಲ್ ಎಂದೋ ಪಿಸಿಎಂ 5.1 ಎಂದೋ ಕಾಣಬೇಕು. ಈ ದಾರಿಯಲ್ಲಿ ಕೋಡಿಯ ವಾಲ್ಯೂಮ್, ಮಾತು ಏರಿಸುವ ಸೌಲಭ್ಯ ಎಲ್ಲ ಕೆಲಸ ಮಾಡುತ್ತವೆ. ಬಾಕ್ಸ್‌ನಿಂದ ರಿಸೀವರ್‌ಗೆ ನೇರ ಎಚ್‌ಡಿಎಂಐ ಇದ್ದರೆ ನಾನು ಮೊದಲು ಇದನ್ನೇ ಮಾಡಿಕೊಡುವುದು. ಎಆರ್‌ಸಿಯಲ್ಲಿ ಇದು ನಡೆಯುವುದಿಲ್ಲ, ಬಿಚ್ಚಿದ 5.1 ಅಲ್ಲಿ ಹಿಡಿಸುವುದಿಲ್ಲ ಎಂದೆನಲ್ಲ.

ರಿಸೀವರ್ ಬಿಚ್ಚುವುದು. ಇದೇ ಪಾಸ್‌ಥ್ರೂ. ಅಲೋ ಪಾಸ್‌ಥ್ರೂ ಆನ್ ಮಾಡಿ, "ಪಾಸ್‌ಥ್ರೂ ಔಟ್‌ಪುಟ್ ಡಿವೈಸ್" ನಲ್ಲೂ ಅದೇ ಎಚ್‌ಡಿಎಂಐ ಆರಿಸಿ. ಇದು ಬೇರೆಯೇ ಸಾಲು, ಮೇಲಿನ ಡಿವೈಸ್ ಆರಿಸಿದರೆ ಇದು ತಾನಾಗಿ ಬದಲಾಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಐಇಸಿ ಪ್ಯಾಕರ್, ರಾ ಎಂಬ ಎರಡು ಆಯ್ಕೆ ಕಂಡರೆ ಒಂದರಲ್ಲಿ ಸದ್ದಿಲ್ಲದಿದ್ದಾಗ ಇನ್ನೊಂದನ್ನು ನೋಡಿ.

ಆಮೇಲೆ ಕೆಳಗೆ ಒಂದೊಂದು ಬಗೆಗೂ ಒಂದು ಸ್ವಿಚ್: ಎಸಿ3 (ಅಂದರೆ ಡಾಲ್ಬಿ ಡಿಜಿಟಲ್), ಇ-ಎಸಿ3 (ಡಾಲ್ಬಿ ಡಿಜಿಟಲ್ ಪ್ಲಸ್), ಡಿಟಿಎಸ್, ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ. ರಿಸೀವರ್‌ನ ಪುಸ್ತಕದಲ್ಲಿ ಹೆಸರಿರುವುದನ್ನು ಮಾತ್ರ ಆನ್ ಮಾಡಿ. ಒಂದು ಆನ್ ಮಾಡಿ, ಆ ಬಗೆಯ ಫೈಲ್ ಹಾಕಿ ಕೇಳಿ, ಆಮೇಲೆ ಮುಂದಿನದು. ಐದನ್ನೂ ಒಟ್ಟಿಗೆ ಆನ್ ಮಾಡಿ "ಕೆಲವು ಸಿನಿಮಾಗೆ ಸದ್ದೇ ಇಲ್ಲ" ಎನ್ನುವವರೇ ಹೆಚ್ಚು. ಡಿಟಿಎಸ್-ಎಚ್‌ಡಿ ಆಫ್ ಇಟ್ಟು ಡಿಟಿಎಸ್ ಆನ್ ಇಟ್ಟರೆ ಸದ್ದು ನಿಲ್ಲುವುದಿಲ್ಲ, ಅದರೊಳಗಿನ ಮಾಮೂಲಿ ಡಿಟಿಎಸ್ ಭಾಗ ರಿಸೀವರ್‌ಗೆ ತಲುಪುತ್ತದೆ.

ಮನೆಯಲ್ಲಿ ಅಟ್ಮೋಸ್ (ತಲೆಯ ಮೇಲಿಂದಲೂ ಸದ್ದು ಬರುವ ಡಾಲ್ಬಿ ಬಗೆ) ಸ್ಪೀಕರ್ ಇದ್ದರೆ ಪಾಸ್‌ಥ್ರೂನೇ ಬೇಕು. ಕೋಡಿ ಬಿಚ್ಚಿದರೆ ಎತ್ತರದ ಮಾಹಿತಿ ಉಳಿಯುವುದಿಲ್ಲ.

ಪಾಸ್‌ಥ್ರೂ ಹಾಕಿದ ಮೇಲೆ ಕೋಡಿಯ ವಾಲ್ಯೂಮ್ ಕೆಲಸ ಮಾಡುವುದಿಲ್ಲ. ಸೆಂಟರ್ ಮಿಕ್ಸ್ ಕೂಡ. ಬುತ್ತಿ ಬಿಚ್ಚದವರು ಉಪ್ಪು ಹಾಕುವುದು ಹೇಗೆ? ವಾಲ್ಯೂಮ್ ಇನ್ನು ರಿಸೀವರ್ ರಿಮೋಟ್‌ನಲ್ಲೇ.

ಎಲ್ಲ ಸರಿ ಇದ್ದೂ ರಿಸೀವರ್ ಬರೀ ಪಿಸಿಎಂ ತೋರಿಸುತ್ತಿದ್ದರೆ ಒಂದು ಕಳ್ಳ ಜಾಗ ಇದೆ. ಸೆಟ್ಟಿಂಗ್ಸ್, ಪ್ಲೇಯರ್, ವಿಡಿಯೋಸ್‌ಗೆ ಹೋಗಿ. "ಸಿಂಕ್ ಪ್ಲೇಬ್ಯಾಕ್ ಟು ಡಿಸ್‌ಪ್ಲೇ" ಆನ್ ಇದ್ದರೆ ಪಾಸ್‌ಥ್ರೂ ನಡೆಯುವುದಿಲ್ಲ. ಆಫ್ ಮಾಡಿ. ಆಡಿಯೊ ಪುಟದಲ್ಲಿ ಗಂಟೆಗಟ್ಟಲೆ ಹುಡುಕಿದರೂ ಇದು ಸಿಗುವುದಿಲ್ಲ.

## ಹಂತ 6: ಆಪ್ಟಿಕಲ್, ಎಆರ್‌ಸಿ ಮತ್ತು ಡಿಕೋಡರ್ ಡಬ್ಬಿ

ಜನ ಅತಿ ಹೆಚ್ಚು ಸೋಲುವ ಹಂತ ಇದು. ಇಲ್ಲಿನ ಉತ್ತರ ತಲೆಕೆಳಗಾಗಿ ಕಾಣುತ್ತದೆ.

ಭಾವನ ಸೆಟ್‌ಗೆ ಕೊನೆಗೆ ಒಂದು 5.1 ಡಿಕೋಡರ್ ಡಬ್ಬಿ ತಂದೆವು. ಒಂದು ಕಡೆ ಆಪ್ಟಿಕಲ್ ಒಳಕ್ಕೆ, ಇನ್ನೊಂದು ಕಡೆ ಆರು ಆರ್‌ಸಿಎ ಹೊರಕ್ಕೆ. ಸೆಟ್‌ನಲ್ಲಿ ಡಿಕೋಡರ್ ಇಲ್ಲದ್ದಕ್ಕೆ ಇದೇ ಮದ್ದು. ಇಂಥ ಡಬ್ಬಿಗಳು ಸಾಮಾನ್ಯವಾಗಿ ಎಸಿ3 ಮತ್ತು ಡಿಟಿಎಸ್ ಮಾತ್ರ ಬಿಚ್ಚುತ್ತವೆ. ಭಾವ ನಂಬರ್ ಆಫ್ ಚಾನೆಲ್ಸ್ 5.1 ಹಾಕಿದರು. ಮತ್ತೆ ಮಾತು ಮಾಯ.

ಸರಿಯಾದದ್ದು ಇದು:

1. ನಂಬರ್ ಆಫ್ ಚಾನೆಲ್ಸ್ 2.0. ಹೌದು, ಆರು ಸ್ಪೀಕರ್ ಇದ್ದರೂ. ಈ ಸಾಲು ಬಿಚ್ಚಿದ ಸೌಂಡಿಗೆ ಸಂಬಂಧಿಸಿದ್ದು, ಆಪ್ಟಿಕಲ್‌ನಲ್ಲಿ ಬಿಚ್ಚಿದ ಸೌಂಡ್ ಎರಡೇ ಚಾನೆಲ್ ಹಿಡಿಸುವುದು.
2. ಅಲೋ ಪಾಸ್‌ಥ್ರೂ ಆನ್. ಪಾಸ್‌ಥ್ರೂ ಡಿವೈಸ್‌ನಲ್ಲಿ ಆಪ್ಟಿಕಲ್, ಅಂದರೆ ಎಸ್‌ಪಿಡಿಐಎಫ್. ಟಿವಿ ಮೂಲಕ ಹೋಗುತ್ತಿದ್ದರೆ ಎಚ್‌ಡಿಎಂಐ.
3. ಎಸಿ3 ಆನ್.
4. "ಎನೇಬಲ್ ಡಾಲ್ಬಿ ಡಿಜಿಟಲ್ ಟ್ರಾನ್ಸ್‌ಕೋಡಿಂಗ್" ಆನ್. ಚಾನೆಲ್ 2.0 ಇಲ್ಲದಿದ್ದರೆ ಈ ಸಾಲು ಕೈಗೆ ಸಿಗುವುದೇ ಇಲ್ಲ.
5. ಡಿಟಿಎಸ್: ಡಬ್ಬಿ ಬಿಚ್ಚುತ್ತದೆ, ದಾರಿಯಲ್ಲಿ ಟಿವಿ ತಡೆಯುವುದಿಲ್ಲ ಎಂದಾದರೆ ಮಾತ್ರ ಆನ್.
6. ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಆಫ್. ಡಬ್ಬಿಗೆ ಇ-ಎಸಿ3 ಕೂಡ ಆಫ್.

ಟ್ರಾನ್ಸ್‌ಕೋಡಿಂಗ್ ಯಾಕೆ ಇಷ್ಟು ಮುಖ್ಯ? ಈಗಿನ ಎಷ್ಟೋ ಫೈಲ್‌ಗಳಲ್ಲಿ 5.1 ಸೌಂಡ್ ಎಎಸಿ ಬಗೆಯಲ್ಲಿರುತ್ತದೆ. ಎಎಸಿಯನ್ನು ಕೋಡಿ ಪಾಸ್‌ಥ್ರೂ ಮಾಡುವುದಿಲ್ಲ, ಬಿಚ್ಚುತ್ತದೆ. ಬಿಚ್ಚಿದ ಆರು ಚಾನೆಲ್ ಆಪ್ಟಿಕಲ್‌ನಲ್ಲಿ ಹಿಡಿಸದೆ ಎರಡಾಗುತ್ತದೆ. ಟ್ರಾನ್ಸ್‌ಕೋಡಿಂಗ್ ಆನ್ ಇದ್ದರೆ ಬಿಚ್ಚಿದ್ದನ್ನು ಕೋಡಿ ಮತ್ತೆ ಎಸಿ3 ಬುತ್ತಿಯಾಗಿ ಕಟ್ಟಿ ಕಳಿಸುತ್ತದೆ. ಸ್ವಿಚ್ ಆಫ್ ಇಟ್ಟ ಎಲ್ಲ ಬಗೆಗೂ ಇದೇ ಗತಿ. ನಿಮ್ಮ ಟಿವಿ ಡಿಟಿಎಸ್ ದಾಟಿಸುವುದಿಲ್ಲವೇ? ಡಿಟಿಎಸ್ ಆಫ್ ಮಾಡಿ ಟ್ರಾನ್ಸ್‌ಕೋಡಿಂಗ್ ಆನ್ ಇಡಿ, ಅದು ಡಾಲ್ಬಿಯಾಗಿ ಹೋಗುತ್ತದೆ. ಹೊಸ ಟಿವಿ ತರುವ ಖರ್ಚು ಉಳಿಯಿತು.

ಸ್ಟೀರಿಯೊ ಹಾಡು ಹಾಕಿದಾಗ ಡಬ್ಬಿಯ ದೀಪ ಪಿಸಿಎಂಗೆ ಬದಲಾಗುತ್ತದೆ. ಅದು ದೋಷವಲ್ಲ, ಎರಡು ಚಾನೆಲ್‌ಗೆ ಬುತ್ತಿ ಕಟ್ಟುವ ಅಗತ್ಯ ಇಲ್ಲ.

## ಹಂತ 7: ಕಂಪ್ಯೂಟರಿನ ಮೂರು ತೂತು

ಡೆಸ್ಕ್‌ಟಾಪ್‌ನಿಂದ ನೇರ ಆರು ಪಿನ್ ಸೆಟ್‌ಗೆ ಹೋಗುವವರಿಗೆ ಡಬ್ಬಿ ಬೇಡ. ಹಸಿರು ಮುಂದಿನ ಜೋಡಿಗೆ, ಕಪ್ಪು ಹಿಂದಿನ ಜೋಡಿಗೆ, ಕಿತ್ತಳೆ ನಡುವಿನ ಸ್ಪೀಕರ್ ಮತ್ತು ಸಬ್‌ವೂಫರ್‌ಗೆ. ಮೂರೇ ತೂತು ಇರುವ ಬೋರ್ಡ್‌ನಲ್ಲಿ ನೀಲಿ, ಗುಲಾಬಿ ತೂತುಗಳೇ ಈ ಕೆಲಸ ಮಾಡುತ್ತವೆ, ಸೌಂಡ್ ಡ್ರೈವರ್‌ನಲ್ಲಿ ಹೇಳಬೇಕು. ವಿಂಡೋಸ್‌ನಲ್ಲಿ 5.1 ಆರಿಸಿ ಟೆಸ್ಟ್ ಒತ್ತಿ. ಆರೂ ಕಡೆ ಸರಿಯಾಗಿ ಬಂದ ಮೇಲೆ ಕೋಡಿಯಲ್ಲಿ 5.1, ಪಾಸ್‌ಥ್ರೂ ಆಫ್. ಹಳೆಯ ಸ್ಟೀರಿಯೊ ಹಾಡುಗಳೂ ಹಿಂದಿನ ಪೆಟ್ಟಿಗೆಯಲ್ಲಿ ಬರಬೇಕೆಂದರೆ "ಸ್ಟೀರಿಯೊ ಅಪ್‌ಮಿಕ್ಸ್" ಇದೆ. ನನಗೆ ಅದು ಹಿಡಿಸಲಿಲ್ಲ, ನಿಮ್ಮಿಷ್ಟ.

## ಹಂತ 8: ಪರೀಕ್ಷೆ, ಮತ್ತು ಯಾವ ಲಕ್ಷಣಕ್ಕೆ ಎಲ್ಲಿ ನೋಡಬೇಕು

ಸಿನಿಮಾ ಓಡುವಾಗ ಕೀಬೋರ್ಡ್‌ನಲ್ಲಿ ಇಂಗ್ಲಿಷ್‌ನ "ಓ" ಅಕ್ಷರ ಒತ್ತಿ. ಫೈಲ್‌ನ ಸೌಂಡ್ ಯಾವ ಬಗೆಯದು, ಎಷ್ಟು ಚಾನೆಲ್ ಎಂದು ತೋರಿಸುತ್ತದೆ. ಅದನ್ನು ನಂಬಿ, ಫೈಲ್ ಹೆಸರನ್ನಲ್ಲ. ಆಮೇಲೆ ರಿಸೀವರ್ ಅಥವಾ ಡಬ್ಬಿಯ ಪರದೆ ನೋಡಿ. ಪಾಸ್‌ಥ್ರೂ ಆದರೆ ಎರಡೂ ತಾಳೆಯಾಗಬೇಕು. ಕೋಡಿ ಬಿಚ್ಚಿದರೆ ಅಲ್ಲಿ ಪಿಸಿಎಂ, ಟ್ರಾನ್ಸ್‌ಕೋಡಿಂಗ್ ಆದರೆ ಡಾಲ್ಬಿ ಕಾಣುತ್ತದೆ.

ಮಾತು ಮಾತ್ರ ಇಲ್ಲ: ಹೆಚ್ಚಾಗಿ ಚಾನೆಲ್ ಸಂಖ್ಯೆ ತಪ್ಪು. ಮೊದಲು ಅಲ್ಲೇ ನೋಡಿ. ಒಂದೇ ಬಗೆಯ ಫೈಲ್‌ಗೆ ಪೂರ್ತಿ ಮೌನ: ಆ ಬಗೆಯ ಸ್ವಿಚ್ ಆಫ್ ಮಾಡಿ. "ಗರ್ರ್" ಸದ್ದು: ತಕ್ಷಣ ನಿಲ್ಲಿಸಿ, ಬುತ್ತಿ ಬಿಚ್ಚಲು ಬಾರದ ಕಡೆಗೆ ಪಾಸ್‌ಥ್ರೂ ಹೋಗುತ್ತಿದೆ.

ಪ್ರತಿ ಸಲ ಶುರುವಿನ ಒಂದೆರಡು ಸೆಕೆಂಡ್ ಸದ್ದು ನುಂಗಿದರೆ ರಿಸೀವರ್ ನಿದ್ದೆಯಿಂದ ಏಳುತ್ತಿದೆ ಎಂದರ್ಥ. "ಕೀಪ್ ಆಡಿಯೊ ಡಿವೈಸ್ ಅಲೈವ್" ಅನ್ನು ಆಲ್ವೇಸ್ ಮಾಡಿ.

ತುಟಿ ಮೊದಲು, ಮಾತು ಆಮೇಲೆ ಬಂದರೆ ಓಡುವಾಗಿನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ "ಆಡಿಯೊ ಆಫ್‌ಸೆಟ್" ಇದೆ. ಒಂದೊಂದು ಒತ್ತಿಗೆ 25 ಮಿಲಿಸೆಕೆಂಡ್ ಸರಿಯುತ್ತದೆ. ಬ್ಲೂಟೂತ್ ಸ್ಪೀಕರ್‌ನವರಿಗೆ ಇದು ಬೇಕೇ ಬೇಕು.

ನಿನ್ನೆ ಸರಿ ಇತ್ತು, ಕರೆಂಟ್ ಹೋಗಿ ಬಂದ ಮೇಲೆ ಸ್ಟೀರಿಯೊ ಆಗಿದೆ: ಬೇಸಿಗೆಯಲ್ಲಿ ನನಗೆ ಬರುವ ಫೋನ್‌ಗಳಲ್ಲಿ ಇದೇ ಜಾಸ್ತಿ. ಕರೆಂಟ್ ಬಂದಾಗ ಎಲ್ಲವೂ ಒಟ್ಟಿಗೆ ಏಳುತ್ತವೆ. ರಿಸೀವರ್ ಇನ್ನೂ ಕಣ್ಣು ಬಿಡುವ ಮೊದಲೇ ಬಾಕ್ಸ್ "ಆ ಕಡೆ ಯಾರಿದ್ದೀರಿ" ಎಂದು ಕೇಳಿ, ಬರೀ ಟಿವಿಯ ಉತ್ತರ ಪಡೆದಿರುತ್ತದೆ. ಸೆಟ್ಟಿಂಗ್ ಮುಟ್ಟಬೇಡಿ. ಎಲ್ಲ ಆಫ್ ಮಾಡಿ, ಮೊದಲು ಟಿವಿ, ಆಮೇಲೆ ರಿಸೀವರ್, ಅರ್ಧ ನಿಮಿಷ ಬಿಟ್ಟು ಕೋಡಿ ಬಾಕ್ಸ್ ಆನ್ ಮಾಡಿ.

ಎಲ್ಲ ಸರಿಯಾದ ದಿನವೇ ಆಡಿಯೊ ಪುಟವನ್ನು ಮೇಲಿಂದ ಕೆಳಗಿನವರೆಗೆ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಟಿವಿಯ ಸೌಂಡ್ ಮೆನುವಿನದೂ ಒಂದು. ದಸರಾ ರಜಕ್ಕೆ ಅಕ್ಕನ ಮಕ್ಕಳು ಬಂದು ರಿಮೋಟ್ ಹಿಡಿದು ಹೋದ ಮೇಲೆ ಆ ಫೋಟೊ ಬೇಕಾಗುತ್ತದೆ.